ಕೊಲಿಂಡೇಲ್‌ನ ಹದ್ದು

ಮೂವತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಮೊದಲು ನಿವೃತ್ತವಾದದ್ದು ನನ್ನ ಕಿವಿ. ಹಕ್ಕಿ ಎಣಿಸುವವರಿಗೆ ಕಣ್ಣಿಗಿಂತ ಕಿವಿಯೇ ಮುಖ್ಯ. ಗೋಲ್ಡ್‌ಕ್ರೆಸ್ಟ್ ಎಂಬ ಹೆಬ್ಬೆರಳಿನಷ್ಟು ಹಕ್ಕಿಯ ದನಿ ಎಲ್ಲಕ್ಕಿಂತ ತೆಳುವಾದದ್ದು, ಸೂಜಿಯಿಂದ ಗಾಜು ಗೀರಿದಂತಿರುತ್ತದೆ. ಒಂದು ವಸಂತದಲ್ಲಿ ಆ ಹಕ್ಕಿ ನಮ್ಮ ಪೈನ್ ತೋಪಿನಲ್ಲಿ ಇಲ್ಲವೆಂದು ನಕ್ಷೆಯಲ್ಲಿ ಗುರುತು ಹಾಕಿದೆ. ಜೊತೆಗಿದ್ದ ಹೊಸ ಹುಡುಗಿ ಸಂಕೋಚದಿಂದ, "ನಿಮ್ಮ ತಲೆಯ ಮೇಲೇ ಹಾಡ್ತಾ ಇದೆ" ಎಂದಳು. ಮೇಲೆ ನೋಡಿದೆ. ಕೊಕ್ಕು ತೆರೆದು ಮುಚ್ಚುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ. ವೈದ್ಯರು ಆಮೇಲೆ ಹೇಳಿದ್ದೆಲ್ಲ ಆ ಮುಚ್ಚಿ ತೆರೆಯುವ ಕೊಕ್ಕು ಹೇಳಿದ್ದರ ವಿವರಣೆ ಅಷ್ಟೇ.

ಈಗ ಈ ಕೆಲಸಕ್ಕೆ ಬರುತ್ತಿರುವ ಕೆಲವರು, ಅವರಲ್ಲಿ ಇಬ್ಬರು ಲಂಡನ್ನಿನ ಕನ್ನಡ ಮನೆಗಳ ಮಕ್ಕಳು, ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಕೇಳುತ್ತಾರೆ. ಹುದ್ದೆ, ಸಂಬಳಗಳ ವಿಚಾರ ಬೇರೆಯವರು ಹೇಳುತ್ತಾರೆ. ನಾನು ಭಯದ ಬಗ್ಗೆ ಬರೆಯುತ್ತೇನೆ. ಸಂದರ್ಶನದಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನಾನು ಸೇರಿದ್ದು ತೊಂಬತ್ತರ ದಶಕದ ನಡುವೆ. ಲಂಡನ್ನಿನಲ್ಲಿ ಒಂದು ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸಂಸ್ಥೆ. ಚಳಿಗಾಲವೆಲ್ಲ ಅಲ್ಲಿ ಹೀಟರಿನ ಪಕ್ಕ ಕುಳಿತು ಕಾಗದದ ನಕ್ಷೆಗಳ ಮೇಲೆ ಬಣ್ಣದ ಚುಕ್ಕೆ ಇಡುವುದು. ವಸಂತ ಬಂದರೆ ಸ್ಕಾಟ್ಲೆಂಡಿನ ಉತ್ತರದ ಒಂದು ನದೀಕಣಿವೆಗೆ ಹೋಗಿ ಬೇಸಿಗೆ ಮುಗಿಯುವವರೆಗೆ ಅಲ್ಲಿರುವುದು. ರೈಲಿಳಿದು, ಅಂಚೆಯ ವ್ಯಾನಿನಲ್ಲಿ ಕೊನೆಯ ಕುರಿಮನೆಯವರೆಗೆ, ಅಂದರೆ ಕುರಿ ಸಾಕುವವನ ಮನೆಯವರೆಗೆ, ಹೋಗಿ, ಅಲ್ಲಿಂದ ನಡೆಯಬೇಕು. ಕೆಳಗೆ ಚಹಾದ ಬಣ್ಣದ ನದಿ, ದಡದಲ್ಲಿ ಬರ್ಚ್ ಮರ, ಮೇಲೆ ಮುದಿ ಪೈನ್‌ಗಳು, ಅದರ ಮೇಲೆ ಹೆದರ್ ಪೊದೆಯ ಬಯಲು, ಕೊನೆಗೆ ಬರೀ ಬಂಡೆ. ನದಿಯ ಕಲ್ಲುಗಳ ಮೇಲೆ ಡಿಪ್ಪರ್ ಹಕ್ಕಿ ಬಸ್ಕಿ ಹೊಡೆಯುತ್ತ ನಿಂತಿರುತ್ತಿತ್ತು. ಮರಳಿನಲ್ಲಿ ನೀರುನಾಯಿಯ ಹೆಜ್ಜೆ. ಸಂಜೆಗೆ ಕೆಂಪು ಜಿಂಕೆಗಳ ಹಿಂಡು ನೀರಿಗಿಳಿದು ನಮ್ಮನ್ನು ನೋಡಿ ಒಮ್ಮೆಗೇ ಕಲ್ಲಾಗುತ್ತಿತ್ತು.

ಚಿತ್ರದಲ್ಲಿ ಇದೆಲ್ಲ ಚೆಂದ. ಅಲ್ಲಿ ಒಬ್ಬಳೇ ಇರುವುದು ಬೇರೆ ವಿಷಯ. ಮೊದಲ ವಾರ, ಮಂಜು ಕವಿದ ಮುಂಜಾನೆ, ಸರೋವರದ ಕಡೆಯಿಂದ ಹೆಂಗಸೊಬ್ಬಳ ಅಳು ಕೇಳಿಸಿತು. ನೀರಿಗೆ ಬಿದ್ದಿದ್ದಾಳೆಂದು ಬೂಟು ಕಳಚಿ ಎಸೆದು ಮೊಣಕಾಲುದ್ದದ ಕೆಸರಿನಲ್ಲಿ ಓಡಿದೆ. ಮಂಜು ಸರಿದಾಗ ನೀರಿನ ನಡುವೆ ಕಪ್ಪು ಕೊರಳಿನ ಡೈವರ್ ಹಕ್ಕಿ ತೇಲುತ್ತಿತ್ತು. ಅದೇ ಮತ್ತೊಮ್ಮೆ ಅತ್ತಿತು. ನನ್ನ ಮೇಲಧಿಕಾರಿ ಮಾರ್ಗರೆಟ್ ಒಂದು ಬೂಟು ಹುಡುಕಿಕೊಟ್ಟು, "ನೀನು ಕಾಪಾಡಲು ಹೋದ ಹೆಂಗಸಿಗೆ ಕೆಂಪು ಕಣ್ಣು. ಹಸಿ ಮೀನು ತಿನ್ನುತ್ತಾಳೆ," ಎಂದಳು. ಇನ್ನೊಂದು ಬೂಟು ಸಿಗಲಿಲ್ಲ.

ನದಿಯ ಭಯ ಇದಕ್ಕಿಂತ ದೊಡ್ಡದು. ತಲೆಯ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಮಳೆ ಸುರಿದಿರುತ್ತದೆ. ಒಮ್ಮೆ ಆಚೆ ದಡದಲ್ಲಿ ಗೂಡು ನೋಡಿ ತಿರುಗುವಷ್ಟರಲ್ಲಿ ನಾನು ದಾಟಿ ಬಂದ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಚಹಾದ ಬಣ್ಣದ ನೀರು ಕಾಫಿಯ ಬಣ್ಣಕ್ಕೆ ತಿರುಗಿತು. ದಾಟಲು ಹೋಗಿ ಅರ್ಧದಿಂದ ಹಿಂತಿರುಗಿ, ದಿನವೆಲ್ಲ ಒದ್ದೆ ಬಟ್ಟೆಯಲ್ಲಿ ಆಚೆ ದಡದಲ್ಲೇ ಕುಳಿತೆ. ಹೊಸಬರಿಗೆ ಹೇಳುತ್ತೇನೆ: ನದಿ ದಾಟುವ ಮುನ್ನ ಆಕಾಶ ನೋಡಬೇಡಿ, ನೀರಿನ ಬಣ್ಣ ನೋಡಿ.

ಮಾರ್ಗರೆಟ್ ಅಲ್ಲಿಯವಳೇ. ಐವತ್ತು ದಾಟಿದ, ಮಾತಿಗಿಂತ ಕೆಮ್ಮು ಹೆಚ್ಚಿದ್ದ ಹೆಂಗಸು. ಅವಳಿಗೆ ನದಿ, ಮಂಜು ಯಾವುದರ ಭಯವೂ ಇರಲಿಲ್ಲ. ಮನುಷ್ಯರ ಬಾಯಿಯ ಭಯವಿತ್ತು. ಈ ದೇಶದಲ್ಲಿ ಹದ್ದಿನ ಮೊಟ್ಟೆ ಕದಿಯುವ ಗಂಡಸರಿದ್ದಾರೆ. ಮಾರುವುದಕ್ಕೆ ಕದಿಯುವುದಿಲ್ಲ. ಸಣ್ಣ ತೂತು ಕೊರೆದು, ಒಳಗಿನದನ್ನು ಊದಿ ತೆಗೆದು, ಖಾಲಿ ಚಿಪ್ಪನ್ನು ಹತ್ತಿಯ ಮೇಲಿಟ್ಟು, ಡ್ರಾಯರ್ ಎಳೆದು ತಾವೊಬ್ಬರೇ ನೋಡಿಕೊಳ್ಳುತ್ತಾರೆ. ಕಾನೂನಿನಲ್ಲಿ ಅದು ಅಪರಾಧ. ಅವರಿಗೆ ಹಕ್ಕಿಗಳ ಬಗ್ಗೆ ನಮ್ಮಷ್ಟೇ ಗೊತ್ತು, ತಾಳ್ಮೆ ನಮಗಿಂತ ಹೆಚ್ಚು. ದುಡ್ಡಿನ ಆಸೆಯಿಲ್ಲದ ಕಳ್ಳನನ್ನು ಏನು ತೋರಿಸಿ ಹಿಂದೆ ಕಳಿಸುವುದು? ಏಪ್ರಿಲ್‌ನಲ್ಲಿ ಇಟ್ಟ ಮೊಟ್ಟೆ ಹೋದರೆ ಆ ಜೋಡಿಗೆ ಸಾಮಾನ್ಯವಾಗಿ ಆ ವರ್ಷ ಮರಿಯಿಲ್ಲ.

ಅದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ. ಯಾವ ಗೂಡನ್ನೂ ಅದರ ಊರಿನ ಹೆಸರಿನಿಂದ ಕರೆಯಬಾರದು, ಫೋನಿನಲ್ಲಂತೂ ಸುತರಾಂ ಕೂಡದು. ಪ್ರತಿ ಗೂಡಿಗೂ ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನ ಒಂದು ಸ್ಟೇಷನ್ನಿನ ಹೆಸರು. ಕಣಿವೆಯ ಕರಿಬಂಡೆಯಲ್ಲಿದ್ದ ಗೋಲ್ಡನ್ ಈಗಲ್ ಜೋಡಿಗೆ, ಅಂದರೆ ಬಂಗಾರದ ನೆತ್ತಿಯ ಆ ದೊಡ್ಡ ಹದ್ದುಗಳಿಗೆ, ನಾನು ಕೊಲಿಂಡೇಲ್ ಎಂದು ಹೆಸರಿಟ್ಟೆ. ನಮ್ಮ ಮನೆಯಿದ್ದ ಕಿಂಗ್ಸ್‌ಬರಿಯ ಪಕ್ಕದ್ದು. ರಜೆಯಲ್ಲಿ ಮನೆಯಿಂದ ಮಾರ್ಗರೆಟ್‌ಗೆ ಫೋನ್ ಮಾಡಿ, "ಕೊಲಿಂಡೇಲ್‌ನಲ್ಲಿ ಈ ಸಲ ಎರಡು ಮೊಟ್ಟೆ ಆಗಬಹುದು" ಎನ್ನುತ್ತಿದ್ದಾಗ ಒಗ್ಗರಣೆ ಹಾಕುತ್ತಿದ್ದ ಅವ್ವ ತಿರುಗಿ ನೋಡಿದಳು.

"ಯಾಕ, ಕೊಲಿಂಡೇಲ್‌ನಾಗ ತತ್ತಿ ಸೋವಿ ಅದಾವೇನ?"

ನಾನು ನಕ್ಕೆ, ವಿವರಿಸಲಿಲ್ಲ. ಮನೆಯಲ್ಲಿ ಯಾರೂ ನನ್ನ ಕೆಲಸದ ಬಗ್ಗೆ ಕೇಳುತ್ತಿರಲಿಲ್ಲ, ಹದ್ದು ಎಣಿಸುತ್ತೇನೆ ಎಂಬುದಕ್ಕಿಂತ ಹೆಚ್ಚು ನಾನೂ ಹೇಳುತ್ತಿರಲಿಲ್ಲ. ಅಪ್ಪ ಧಾರವಾಡದಿಂದ ಬಂದು ಕಿಂಗ್ಸ್‌ಬರಿಯಲ್ಲಿ ಜಿ.ಪಿ., ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದವರು. ಮಗಳು ಡಾಕ್ಟರಾಗಲಿಲ್ಲ ಎಂದು ಬೈದವರಲ್ಲ. ಕನ್ನಡದವರು ಸೇರಿದಲ್ಲಿ ಯಾರಾದರೂ ಕೇಳಿದರೆ, "ಏನೋ ಸರ್ವೇ ಮಾಡ್ತಾಳ್ರಿ" ಎಂದು ಮಾತು ಮುಗಿಸುತ್ತಿದ್ದರು. ಅವ್ವನ ಕಾಳಜಿ ಬೇರೆ. ಮಗಳಿಗೆ ಏನಾದರೂ ಆದರೆ ಎಲ್ಲಿ ಹುಡುಕಬೇಕು? ಯಾವ ನದಿ, ಯಾವ ಸ್ಟೇಷನ್, ವ್ಯಾನು ಎಲ್ಲಿಯವರೆಗೆ, ಅಲ್ಲಿಂದ ಯಾವ ದಡ ಹಿಡಿದು ನಡೆಯಬೇಕು, ಎಲ್ಲವನ್ನೂ ನನ್ನ ಬಾಯಿಂದ ಹೇಳಿಸಿ ಬರೆದುಕೊಂಡು ಫ್ರಿಜ್ ಮೇಲೆ ಅಂಟಿಸಿದ್ದಳು. ಅವಳ ಭಯಕ್ಕೆ ನಾನು ಕೊಟ್ಟ ಔಷಧಿ ಅದು.

ಮೂರನೆಯ ವರ್ಷ ಕೊಲಿಂಡೇಲ್‌ನ ಮರಿ ಹಾರಿದ ದಿನ ಮಾರ್ಗರೆಟ್ ನನ್ನದೊಂದು ಫೋಟೋ ತೆಗೆದಳು. ನದಿ, ನಾನು, ಹಿಂದೆ ಬೆಟ್ಟ. ಅದರ ಒಂದು ಪ್ರತಿಯನ್ನು ಕಾಗದವಿಲ್ಲದೆ ಮನೆಗೆ ಕಳಿಸಿದೆ. ಅದರಲ್ಲಿ ನಾನು ನಗುತ್ತಿದ್ದೆ. ಅದೊಂದನ್ನು ಅವರು ನೋಡಲಿ ಎಂದು.

ಮುಂದಿನ ಮಾರ್ಚ್‌ನಲ್ಲಿ, ಉತ್ತರಕ್ಕೆ ಹೊರಡುವ ಮುನ್ನ, ಅಪ್ಪನೊಡನೆ ಮನೆಗೆ ಹೋಗಲೆಂದು ಅವರ ಸರ್ಜರಿಗೆ, ಅಂದರೆ ದವಾಖಾನೆಗೆ, ಹೋದೆ. ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲೆ ನಾನಿದ್ದೆ. ಮೇಜಿನ ಹಲಗೆಯಷ್ಟು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿದ್ದರು. ಅಪ್ಪ ನನ್ನ ಹಿಂದೆ ಬಂದು ನಿಂತರು.

"ಹೆಂಗೈತಿ? ಕುಂತ ಪೇಷಂಟ್ ಎಲ್ಲಾ ನಿನ್ನ ಬಗ್ಗೇನ ಕೇಳ್ತಾರ. ನಾ ಬಿಪಿ ನೋಡೂದು ಬಿಟ್ಟು ಹದ್ದಿನ ಕಥಿ ಹೇಳೂದಾಗೈತಿ."

ರಿಸೆಪ್ಷನ್ನಿನ ಜ್ಯೋತ್ಸ್ನಾಬೆನ್ ನಕ್ಕು, "ಡಾಕ್ಟರ್ ಸಾಹೇಬರು ನಿಮ್ಮ ಫೋಟೋನ ದಿನಾ ತಾವೇ ಒರೆಸ್ತಾರೆ," ಎಂದರು.

ಏನಾದರೂ ಹೇಳಬೇಕೆಂದು ಫೋಟೋದ ಹತ್ತಿರ ಹೋದೆ. ಆಗ ಬಂಡೆ ಕಣ್ಣಿಗೆ ಬಿತ್ತು. ನನ್ನ ಪುಟ್ಟ ಪ್ರತಿಯಲ್ಲಿ ಅದು ಎಡಭುಜದಾಚೆಯ ಬೂದು ಕಲೆ. ಇಲ್ಲಿ ಬಂಡೆಯ ನಡುವಿನ ಚಾಚು, ಅದರ ಕೆಳಗೆ ಸುಣ್ಣ ಸುರಿದಂತೆ ಇಳಿದ ಬಿಳಿ ಪಟ್ಟೆ, ಎರಡೂ ಸ್ಪಷ್ಟವಾಗಿದ್ದವು. ಹದ್ದಿನ ಹಿಕ್ಕೆಯ ಪಟ್ಟೆ. ಬಲ್ಲವನಿಗೆ ಅದು ಬಾಗಿಲ ಮೇಲಿನ ಮನೆ ನಂಬರು.

"ಅಪ್ಪಾ, ಇದನ್ನ ಯಾರ್ಯಾರು ನೋಡ್ಯಾರ?"

"ಎಲ್ಲಾರೂ ನೋಡ್ತಾರ. ಒಬ್ಬ ಇಂಗ್ಲಿಷಾಂವ ಅಂತೂ ಬಂದಾಗೊಮ್ಮೆ ಎದ್ದು ನಿಂತು ನೋಡ್ತಾನ. ಭಾಳ ಚಲೋ ಮನಿಶ್ಯಾ. ನಿನ್ನ ಕೆಲಸದ ಬಗ್ಗೆ ಭಾಳ ಗೌರವ ಐತಿ ಅವಗ."

"ಏನೇನು ಕೇಳಿದ್ರು?"

"ಯಾವ ನದಿ, ಎಲ್ಲಿ ಇಳೀಬೇಕು ಅಂತ. ನಿಮ್ಮವ್ವ ಫ್ರಿಜ್ ಮ್ಯಾಲ ಹಚ್ಯಾಳಲ್ಲ, ಅಷ್ಟೂ ಹೇಳ್ದೆ." ಅಪ್ಪನ ಮುಖದಲ್ಲಿ ಇನ್ನೂ ಸಂತೋಷವಿತ್ತು. "ಮತ್ತ, ಹದ್ದು ಯಾವಾಗ ತತ್ತಿ ಇಡ್ತಾವಂತ ಕೇಳಿದ. ಅದು ನನಗ ಗೊತ್ತಿಲ್ಲ, ಮಗಳು ಬಂದಾಗ ಕೇಳಿ ಹೇಳ್ತೀನಿ ಅಂದೇನಿ."

ಕಾರಿನಲ್ಲಿ ಕುಳಿತ ಮೇಲೆ ಎಲ್ಲ ಹೇಳಿದೆ: ಡ್ರಾಯರ್‌ಗಳು, ಹತ್ತಿ, ಊದಿ ತೆಗೆಯುವುದು, ಕೊಲಿಂಡೇಲ್ ಎಂಬ ಗುಪ್ತ ಹೆಸರು. ಅಪ್ಪ ಕಾರನ್ನು ಚಾಲೂ ಮಾಡಲಿಲ್ಲ.

"ಹೆಸರು ಹೇಳ್ರಿ ಅಪ್ಪಾ."

"ಅದನ್ನ ಕೇಳಬ್ಯಾಡ, ಶೈಲೂ. ಅಂವ ನನ್ನ ಪೇಷಂಟ್."

"ನನಗ ಬ್ಯಾಡ, ಪೊಲೀಸರಿಗೆ ಹೇಳ್ರಿ."

"ಏನಂತ? ಒಬ್ಬಾಂವ ಗೋಡಿ ಮ್ಯಾಲಿನ ಫೋಟೋ ನೋಡಿದ ಅಂತ? ನನ್ನ ಬಾಗಿಲ ಒಳಗ ಬಂದಾಂವನ ಮಾತು ಹೊರಗ ಹೋಗಬಾರದು. ಮೂವತ್ತ ವರ್ಷದ ಕೆಲಸ ಅದರ ಮ್ಯಾಲೆ ನಿಂತೈತಿ."

ಅಪ್ಪ ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಆ ಮನುಷ್ಯ ಬರೀ ಹಕ್ಕಿಪ್ರೇಮಿಯೂ ಆಗಿದ್ದಿರಬಹುದು. ಆದರೆ ಹಕ್ಕಿಪ್ರೇಮಿಗಳು ಹದ್ದು ಎಲ್ಲಿದೆ ಎಂದು ಕೇಳುತ್ತಾರೆ; ಮೊಟ್ಟೆ ಯಾವಾಗ ಎಂದು ಕೇಳುವುದು ಅಪರೂಪ. ಮನೆಯಲ್ಲಿ ಊಟಕ್ಕೆ ಕುಳಿತಾಗ, ವಿಷಯ ತಿಳಿದ ಅವ್ವ ಸೌಟು ಕುಕ್ಕಿದಳು.

"ಅಪ್ಪ ಮಗಳು ಇಬ್ರೂ ಒಂದ ಜಾತಿ. ಆಕಿ ಹೇಳೂದು ಆಗ ಹೇಳಲಿಲ್ಲ, ಇವರು ಕೇಳಿದ್ದು ಈಗ ಹೇಳೂದಿಲ್ಲ. ನಡುವ ಆ ಹಕ್ಕಿ ಏನ ಮಾಡಬೇಕ?" ಎಂದು, ಫ್ರಿಜ್ ಮೇಲಿನ ಚೀಟಿ ಕಿತ್ತು ಒಲೆಯ ಉರಿಗೆ ಹಿಡಿದಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪ, "ನಾನೂ ಬರ್ತೀನಿ," ಎಂದರು.

"ಎಲ್ಲಿಗೆ?"

"ನಿನ್ನ ಕೊಲಿಂಡೇಲ್‌ಗೆ. ಹೆಸರು ಹೇಳಾಕ ಬರೂದಿಲ್ಲ. ಅಂವ ಅಲ್ಲಿಗೇ ಬಂದ್ರ, ನಾ ಎದುರಿಗೆ ನಿಲ್ಲಾಕ ಯಾವ ಅಡ್ಡಿನೂ ಇಲ್ಲ."

ಮಾರ್ಗರೆಟ್‌ಗೆ ಫೋನ್ ಮಾಡಿ ನಡೆದದ್ದನ್ನು ನಡೆದಂತೆ ಹೇಳಿದೆ. ಅವಳು ಕೆಮ್ಮಿದಳು. ಪೊಲೀಸ್ ಠಾಣೆ ಕಣಿವೆಯಿಂದ ದೂರ, ಕಾವಲಿಗೆ ಕೊಡಲು ಅವಳ ಬಳಿ ಒಬ್ಬ ಮನುಷ್ಯನೂ ಹೆಚ್ಚಿಗಿರಲಿಲ್ಲ. "ನಿನ್ನ ತಂದೆ ಸುಮ್ಮನೆ ಕೂರಬಲ್ಲರೇ?" ಎಂದಳು. ಅದೊಂದನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡಲಾರರು ಎಂದೆ.

ಸರ್ಜರಿಗೆ ಬದಲಿ ವೈದ್ಯರನ್ನಿಟ್ಟು, ಮಂಗನ ಟೋಪಿ ಹಾಕಿಕೊಂಡು, ಅಪ್ಪ ನನ್ನೊಡನೆ ಕಣಿವೆಗೆ ಬಂದರು. ಹದ್ದಿನ ಬಂಡೆಯ ಎದುರು ದಡದ ಇಳಿಜಾರಿನಲ್ಲಿ ಕುರಿಗಳಿಗೆಂದು ಕಟ್ಟಿದ್ದ ಹಳೆಯ ಕಲ್ಲುದೊಡ್ಡಿಗೆ ನಾವು ಟಾರ್ಪಾಲು ಹೊದಿಸಿ ಮರೆ ಮಾಡಿಕೊಂಡಿದ್ದೆವು. ಅಲ್ಲಿಂದ ದೂರದರ್ಶಕದಲ್ಲಿ ಗೂಡಿನ ಕಡ್ಡಿಗಳ ನಡುವೆ ಹೆಣ್ಣು ಹದ್ದಿನ ನೆತ್ತಿ ಕಾಣುತ್ತಿತ್ತು. ಮೊಟ್ಟೆಯ ಮೇಲೆ ಕುಳಿತಿತ್ತು. ಗಾಳಿ ಅದರ ಕತ್ತಿನ ಗರಿ ಎತ್ತಿದಾಗ ಬಣ್ಣ ಬೆಳಗುತ್ತಿತ್ತು. ಅಪ್ಪ ಮೊದಲ ಸಲ ಕಣ್ಣಿಟ್ಟು ನೋಡಿ ಬಹಳ ಹೊತ್ತಿನ ಮೇಲೆ, "ಇಷ್ಟ ದೊಡ್ಡದು ಅಂತ ಹೇಳಿರಲಿಲ್ಲ ನೀನು," ಎಂದರು.

ಅವ್ವ ಚೀಲ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಅಪ್ಪ ಮೊದಲ ರೊಟ್ಟಿ ಮುರಿದಾಗ ಆ ಮೌನದಲ್ಲಿ ಹೆಂಚು ಒಡೆದಂತಾಯಿತು. ಕೆಳಗೆ ಜಿಂಕೆಗಳು ತಲೆಯೆತ್ತಿದವು. "ಅಪ್ಪಾ!" ಎಂದು ಪಿಸುಗುಟ್ಟಿದೆ. ಅಂದಿನಿಂದ ಅವರು ರೊಟ್ಟಿಯನ್ನು ಫ್ಲಾಸ್ಕಿನ ಚಹಾದಲ್ಲಿ ನೆನೆಸಿ, ಹಲ್ಲಿಲ್ಲದವರಂತೆ ತಿಂದರು.

ಕಾವಲಿನ ಭಯಕ್ಕೆ ಆಕಾರವಿಲ್ಲ. ಗಾಳಿಗೆ ಅಲುಗಿದ ಜುನಿಪರ್ ಪೊದೆ ಬಗ್ಗಿದ ಬೆನ್ನಾಗುತ್ತದೆ. ಕುರಿಮನೆಯವನ ನಾಯಿ ಬೊಗಳಿದರೆ ಎದೆ ನಿಲ್ಲುತ್ತದೆ. ದಾರಿಹೋಕರಲ್ಲಿ ಪ್ರತಿಯೊಬ್ಬರ ಚೀಲವೂ ಅಳತೆಗಿಂತ ದೊಡ್ಡದಾಗಿ ಕಾಣುತ್ತದೆ. ಮೀನು ಹಿಡಿಯಲು ಬಂದ ಮುದುಕನನ್ನು ನಾನು ಇಡೀ ಬೆಳಗು ದ್ವೇಷಿಸಿದೆ. ಹೊಸದಾಗಿ ಬರುವವರು ಇದನ್ನು ತಿಳಿದಿರಬೇಕು: ಈ ಕೆಲಸ ನಿಮ್ಮನ್ನು ಹಕ್ಕಿಗಳ ಸ್ನೇಹಿತರನ್ನಾಗಿ ಮಾಡುವ ಮೊದಲು ಮನುಷ್ಯರ ಬಗ್ಗೆ ಸಂಶಯ ಕಲಿಸುತ್ತದೆ. ಅಪ್ಪ ಯಾರು ಬಂದರೂ ದೂರದರ್ಶಕ ಎತ್ತಿ, ನೋಡಿ, ತಲೆಯಾಡಿಸಿ ಕೆಳಗಿಡುತ್ತಿದ್ದರು. ಅವರಿಗೆ ಎತ್ತರದ ಭಯವಿದೆಯೆಂದು ನನಗೆ ತಿಳಿದದ್ದು ಅಲ್ಲೇ. ದೊಡ್ಡಿಯ ಗೋಡೆ ಹಿಡಿಯದೆ ಎದ್ದು ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಮಂಜು ಹರಿದು ಬಿಸಿಲು ಬೀಳುತ್ತಿದ್ದಾಗ, ನದಿಯ ತಿರುವಿನಲ್ಲಿ, ನಮ್ಮ ದಡದಲ್ಲೇ, ಒಬ್ಬ ಮನುಷ್ಯ ಕಾಣಿಸಿಕೊಂಡ. ಕೋಲು ಊರಿ ನಿಧಾನ ನಡೆಯುತ್ತಿದ್ದ. ದಾರಿ ಬಿಟ್ಟು ನೀರಿನ ಹತ್ತಿರ ಬಂದು, ನಿಂತು, ಮೇಲೆ ನೋಡಿದ. ಬೆಟ್ಟ ನೋಡುವವರು ಶಿಖರ ನೋಡುತ್ತಾರೆ. ಇವನು ಬಂಡೆಯ ನಡುವನ್ನು ನೋಡಿದ. ಗೂಡಿನಲ್ಲಿ ಹದ್ದು ತಲೆ ತಗ್ಗಿಸಿ ಚಪ್ಪಟೆಯಾಯಿತು.

ಅಪ್ಪ ದೂರದರ್ಶಕ ಎತ್ತಿದರು. ಈ ಸಲ ತಲೆಯಾಡಿಸಲಿಲ್ಲ. ಅದನ್ನು ನನ್ನ ಮಡಿಲಿನಲ್ಲಿಟ್ಟು, ಮಂಗನ ಟೋಪಿ ತೆಗೆದು, ತಲೆಗೂದಲು ಸವರಿಕೊಂಡು, ಸರ್ಜರಿಗೆ ಹೊರಟವರಂತೆ ಕೋಟಿನ ಗುಂಡಿ ಹಾಕಿಕೊಂಡರು.

"ನೀ ಇಲ್ಲೇ ಕೂಡು," ಎಂದರು.

ಆ ಇಳಿಜಾರನ್ನು ಅವರು ಕುಳಿತು, ಜಾರಿ, ಹುಲ್ಲು ಹಿಡಿದು ಇಳಿದರು. ನನಗೆ ಮೇಲಿನಿಂದ ಕಂಡದ್ದಿಷ್ಟು. ಅಪ್ಪ ಕೈಯೆತ್ತಿದರು. ಆ ಮನುಷ್ಯ ಕಂಬದಂತೆ ನಿಂತ. ಆಮೇಲೆ ಟೋಪಿ ತೆಗೆದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನದಿಯ ಸದ್ದಿನಲ್ಲಿ ಒಂದು ಶಬ್ದವೂ ಮೇಲೆ ಬರಲಿಲ್ಲ. ಮಾತಿನ ನಡುವೆ ಅಪ್ಪ ಬಗ್ಗಿ ಅವನ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ನೋಡಿದರು, ಸುತ್ತ ಬಯಲು, ನೀರು, ಬಂಡೆ. ಅವನು ಸುಮ್ಮನೆ ಕಾಲು ಚಾಚಿ ನಿಂತಿದ್ದ. ಅವನ ಬೆನ್ನ ಚೀಲದಲ್ಲಿ ಹಗ್ಗವಿತ್ತೋ ಬುತ್ತಿಯಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಕೊನೆಗೆ ಅವನು ಬಂದ ದಾರಿಯಲ್ಲೇ ತಿರುಗಿದ. ತಿರುವಿನಾಚೆ ಮರೆಯಾಗುವವರೆಗೂ ಅಪ್ಪ ಅಲ್ಲಾಡಲಿಲ್ಲ.

ಮೇಲೆ ಹತ್ತಿ ಬಂದಾಗ ಉಸಿರು ಸಿಕ್ಕುತ್ತಿರಲಿಲ್ಲ. ಚಹಾ ಬಗ್ಗಿಸಿ ಕೊಟ್ಟೆ.

"ಅವರೇ ಏನ್ರಿ?"

"ನಡ್ಯಾಕ ಬಂದಾಂವ."

"ಏನ ಹೇಳಿದ್ರಿ?"

"ಮೊಣಕಾಲು ಬಾತೈತಿ. ಇನ್ನ ಮ್ಯಾಲೆ ಗುಡ್ಡ ಹತ್ತಬಾರದು, ಹತ್ತಿದ್ರ ಇಳಿಯಾಕ ಆಗೂದಿಲ್ಲ ಅಂದೆ." ಸ್ವಲ್ಪ ತಡೆದು, "ಖರೇನ ಬಾತಿತ್ತು," ಎಂದರು.

ಚಹಾ ಕುಡಿದು ಮಂಗನ ಟೋಪಿ ಮತ್ತೆ ಹಾಕಿಕೊಂಡರು. ಎದುರು ಬಂಡೆಯಲ್ಲಿ ಹದ್ದು ಕತ್ತೆತ್ತಿ, ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ, ಮತ್ತೆ ಕುಳಿತುಕೊಂಡಿತು.

ಮೊಟ್ಟೆ ಒಡೆಯುವವರೆಗೆ ಅಪ್ಪ ಅಲ್ಲಿರಲಾಗಲಿಲ್ಲ. ಅವರು ಹೋದ ಮೇಲೆ ಒಬ್ಬಳೇ ಕುಳಿತೆ, ಅದೇ ತಿರುವನ್ನು ನೋಡುತ್ತ. ಯಾರೂ ಬರಲಿಲ್ಲ. ಜುಲೈ ಕೊನೆಯಲ್ಲಿ ಒಂದು ಮರಿ ಬಂಡೆಯಿಂದ ಬಿದ್ದಂತೆ ಬಿದ್ದು, ನದಿಯ ಮೇಲೆ ರೆಕ್ಕೆ ಬಿಚ್ಚಿತು. ಕುರಿಮನೆಯಿಂದ ಮನೆಗೆ ಫೋನ್ ಮಾಡಿ, "ಕೊಲಿಂಡೇಲ್ ಬಿಟ್ಟು ಹೋತು," ಎಂದೆ. ಅತ್ತ ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟರು.

ಆ ಚಳಿಗಾಲ ಸರ್ಜರಿಗೆ ಹೋದಾಗ ಗೋಡೆಯ ಮೇಲೆ ಫ್ಲೂ ಲಸಿಕೆಯ ಪೋಸ್ಟರ್ ಇತ್ತು. ಜ್ಯೋತ್ಸ್ನಾಬೆನ್ ಬೇಸರದಿಂದ, "ಯಾಕೆ ತೆಗೆದರೋ ಸಾಹೇಬರು. ಅದನ್ನ ಎದ್ದು ನಿಂತು ನೋಡ್ತಿದ್ದರಲ್ಲ ಒಬ್ಬರು, ಅವರೂ ಈಗ ಬೇರೆ ಡಾಕ್ಟರ ಹತ್ತಿರ ಹೋದರು," ಎಂದರು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಪ್ಪ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಆ ಬಗ್ಗೆ ಅವರನ್ನು ಕೇಳಲಿಲ್ಲ. ಅಷ್ಟರಲ್ಲಿ ಅವರ ಗುಟ್ಟು ನನ್ನ ಗುಟ್ಟಿನಷ್ಟೇ ನನಗೆ ದೊಡ್ಡದಾಗಿತ್ತು.

ಆಮೇಲೆ ಕೆಲಸದ ರೀತಿ ಬದಲಾಯಿತು. ಎರಡು ಸಾವಿರದ ಇಸವಿಯ ನಂತರ ಕೈಯಲ್ಲಿ ಹಿಡಿಯುವ ಜಿಪಿಎಸ್ ಬಂತು. ನಾವು ನಕ್ಷೆಯ ಮೇಲೆ ಅಂದಾಜಿನಿಂದ ಇಡುತ್ತಿದ್ದ ಚುಕ್ಕೆ ಈಗ ಗೂಡಿನ ಕಡ್ಡಿಯವರೆಗೆ ನಿಖರ. ಒಂದು ಗುಂಡಿ ಒತ್ತಿದರೆ ಇಡೀ ಕಣಿವೆ ಯಾರ ಕೈಗೆ ಬೇಕಾದರೂ ಹೋಗುತ್ತದೆ. ಮಾರ್ಗರೆಟ್ ಅದನ್ನು ಉಪಯೋಗಿಸದೆಯೇ ಕೆಲಸ ಬಿಟ್ಟಳು. ನಾನು ಉಪಯೋಗಿಸಿದೆ; ಪ್ರತಿ ಸಲವೂ ಹಿಂದೆ ಯಾರೋ ಎದ್ದು ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನಿಮ್ಮ ಸಲಕರಣೆಗಳು ನನ್ನವಕ್ಕಿಂತ ಚೆನ್ನಾಗಿವೆ. ಆ ಅನಿಸಿಕೆಯೊಂದನ್ನು ಮಾತ್ರ ಕಳೆದುಕೊಳ್ಳಬೇಡಿ. ಮತ್ತು ಮನೆಯವರಿಗೆ ನಿಮ್ಮ ಕೆಲಸ ಏನೆಂದು ಮೊದಲೇ ಹೇಳಿ. ಅವರು ಹೆಮ್ಮೆ ಪಡುವ ದಿನ ಯಾವತ್ತು ಬರುತ್ತದೆಂದು ಹೇಳಲಾಗದು.

ಅಪ್ಪನೂ ಈಗ ನಿವೃತ್ತರು. ಆ ಫೋಟೋ ಕಿಂಗ್ಸ್‌ಬರಿಯ ಮನೆಯ ಹಾಲಿನಲ್ಲಿದೆ. ಬಂಡೆಯಿದ್ದ ಬದಿಯನ್ನು ಅವರೇ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಾರೆ. ಅದರೊಂದಿಗೆ ನನ್ನ ಎಡಭುಜವೂ ಹೋಗಿದೆ. ಮೊನ್ನೆ ಹಬ್ಬದ ಊಟಕ್ಕೆ ಬಂದಿದ್ದ ಬೆಳಗಾವಿಯ ಕಡೆಯ ಹೊಸ ಡಾಕ್ಟರೊಬ್ಬರು ಅದರ ಮುಂದೆ ನಿಂತರು.

"ಭಾಳ ಚಂದ ಜಾಗ ಐತಲ್ರಿ ಸರ್. ಎಲ್ಲಿ ಇದು?"

"ಕೊಲಿಂಡೇಲ್," ಎಂದರು ಅಪ್ಪ.

ಆ ಡಾಕ್ಟರ್ ಜೋರಾಗಿ ನಕ್ಕರು. "ಅಲ್ಲಿ ನಮ್ಮ ಫ್ಲ್ಯಾಟ್ ಐತ್ರಿ ಸರ್. ಇಂಥಾದ್ದೇನೂ ಕಾಣೂದಿಲ್ಲ."

"ಸರಿಯಾಗಿ ನೋಡ್ರಿ," ಎಂದು ಅಪ್ಪ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ನನ್ನತ್ತ ಮಾತ್ರ ತಿರುಗಲಿಲ್ಲ. ಆ ಫೋಟೋದ ಬಗ್ಗೆ ಯಾರು ಕೇಳಿದರೂ ಅವರು ನನ್ನ ಮುಖ ನೋಡುವುದಿಲ್ಲ. ಕಣ್ಣು ಕಣ್ಣು ಕೂಡಿದರೆ ಎದುರಿಗಿರುವವನಿಗೆ ದಾರಿ ತಿಳಿದೀತೆಂದು ಇಬ್ಬರಿಗೂ ಇನ್ನೂ ಹೆದರಿಕೆ.